ನಲವತ್ತು ವರ್ಷಗಳ ಮನಪರಿವರ್ತನೆ

ಕಳೆದ ತಪಸ್ಸುಕಾಲದ ಒಂದು ಭಾನುವಾರ. ಬಲಿಪೂಜೆ ಮುಗಿದು ಜನರೆಲ್ಲ ಚದುರುತ್ತಿದ್ದಾಗ ದೇವಾಲಯದ ಮೆಟ್ಟಿಲ ಬಳಿ ಓರ್ವ ತಾಯಿ ನನಗಾಗಿ ಕಾದು ನಿಂತಿದ್ದರು. ಆಕೆಯ ಮಕ್ಕಳಿಬ್ಬರೂ ಹಿಂದೆ ನನ್ನ ಧರ್ಮೋಪದೇಶದ ತರಗತಿಯಲ್ಲಿ ಕುಳಿತವರು. "ಮೇಷ್ಟ್ರೇ, ನಮ್ಮ ಯಜಮಾನ್ರು ನಿನ್ನೆ ಧ್ಯಾನಕೂಟದಿಂದ ಬಂದ್ರು. ಮಕ್ಕಳ ಮುಂದೇನೇ ಅತ್ತುಬಿಟ್ರು. ಇನ್ನು ಮುಟ್ಟೋದಿಲ್ಲ ಅಂತ ಶಿಲುಬೆ ಮುಂದೆ ಆಣೆ ಮಾಡಿದ್ದಾರೆ. ಇದು ನಾಲ್ಕನೇ ಸಲ. ನಾನು ನಂಬಬೇಕೋ ಬೇಡ್ವೋ? ನಂಬದೇ ಇದ್ರೆ ದೇವರ ಮೇಲೇ ನಂಬಿಕೆ ಇಲ್ಲ ಅಂತ ಆಗುತ್ತಾ?" ಎಂದು ಕೇಳಿದರು.

ಇಂತಹ ಸಂದರ್ಭದಲ್ಲಿ ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ. ದೇವರಿಗೆ ಅಸಾಧ್ಯವಾದುದು ಯಾವುದೂ ಇಲ್ಲ, ಪ್ರಾರ್ಥನೆ ಬಿಡಬೇಡಿ ಎಂದೆ. ಆಕೆ ತಲೆಯಾಡಿಸಿ ಹೊರಟುಹೋದರು. ನನ್ನ ಮಾತು ಸುಳ್ಳಾಗಿರಲಿಲ್ಲ. ಆದರೆ ಆಕೆ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ ಎಂಬುದು ಮನೆ ತಲುಪುವಷ್ಟರಲ್ಲಿ ನನಗೇ ಅರಿವಾಗಿತ್ತು.

ಪ್ರಿಯ ಓದುಗರೇ, ಇದು ಆ ಒಬ್ಬ ತಾಯಿಯ ಪ್ರಶ್ನೆ ಮಾತ್ರವಲ್ಲ. ವಿಶ್ವಾಸವು ಮನುಷ್ಯನನ್ನು ಹೊಸಬನನ್ನಾಗಿ ಮಾಡುತ್ತದೆಂದು ನಾವು ಸಾರುತ್ತೇವೆ, ಹಾಡುತ್ತೇವೆ. ಹಾಗಾದರೆ ಪ್ರತಿ ಭಾನುವಾರವೂ ಪರಮಪ್ರಸಾದ ಸ್ವೀಕರಿಸುವ ನನ್ನಲ್ಲಿ ಯೌವನದ ಮುಂಗೋಪ ಇನ್ನೂ ಹಾಗೆಯೇ ಉಳಿದಿರುವುದೇಕೆ? ದಿನವೂ ಜಪಸರ ಹೇಳುವ ಮನೆಯಲ್ಲಿ ಅಣ್ಣತಮ್ಮಂದಿರು ಆಸ್ತಿಗಾಗಿ ಹತ್ತು ವರ್ಷ ಮಾತು ಬಿಟ್ಟಿರುವುದೇಕೆ? ನೆರೆಹೊರೆಯ ಅನ್ಯಧರ್ಮೀಯ ಬಂಧುಗಳು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆಯಿದು. ನಮ್ಮ ಮಕ್ಕಳಂತೂ ಬಾಯಿಬಿಟ್ಟೇ ಕೇಳುತ್ತಾರೆ.

ಮನಪರಿವರ್ತನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದಮಸ್ಕದ ದಾರಿ. ಬೆಳಕು ಹೊಳೆಯಿತು, ಸೌಲ ನೆಲಕ್ಕುರುಳಿದ, ಪೌಲನಾಗಿ ಎದ್ದ ಎಂದು ನಾವು ಕಥೆಯನ್ನು ಚುಟುಕಾಗಿಸಿಕೊಂಡಿದ್ದೇವೆ. ಆ ಘಟನೆಯ ನಂತರ ತಾವು ಅರೇಬಿಯಾಕ್ಕೆ ಹೋದುದನ್ನೂ, ದಮಸ್ಕಕ್ಕೆ ಮರಳಿದುದನ್ನೂ, ಮೂರು ವರ್ಷಗಳು ಕಳೆದ ಮೇಲಷ್ಟೇ ಜೆರುಸಲೇಮಿಗೆ ಹೋಗಿ ಪೇತ್ರರನ್ನು ಕಂಡುದನ್ನೂ ಪೌಲರೇ ಗಲಾತ್ಯರಿಗೆ ಬರೆದ ಪತ್ರದಲ್ಲಿ ತಿಳಿಸುತ್ತಾರೆ. ಆ ಮೂರು ವರ್ಷಗಳ ಬಗ್ಗೆ ನಾವು ಪ್ರವಚನ ಕೇಳುವುದು ಅಪರೂಪ. ಮಿಂಚಿಗೆ ಇರುವ ಆಕರ್ಷಣೆ ಮಳೆಗೆ ಇಲ್ಲವಲ್ಲ!

ನನಗೆ ಇನ್ನೂ ಹತ್ತಿರವೆನಿಸುವುದು ಸಂತ ಮಾರ್ಕರ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಬರುವ ಬೆತ್ಸಾಯಿದದ ಕುರುಡ. ಯೇಸುಸ್ವಾಮಿ ಆತನ ಕೈಹಿಡಿದು ಊರಾಚೆ ಕರೆದೊಯ್ದು, ಕಣ್ಣುಗಳನ್ನು ಸ್ಪರ್ಶಿಸಿ, ಏನಾದರೂ ಕಾಣುತ್ತಿದೆಯೇ ಎಂದು ಕೇಳುತ್ತಾರೆ. ಆತನಿಗೆ ಮನುಷ್ಯರು ಕಾಣುತ್ತಾರೆ, ಆದರೆ ನಡೆದಾಡುವ ಮರಗಳಂತೆ. ಸ್ವಾಮಿ ಮತ್ತೊಮ್ಮೆ ಕೈಯಿಡುತ್ತಾರೆ. ಆಗಷ್ಟೇ ಎಲ್ಲವೂ ಸ್ಪಷ್ಟವಾಗುತ್ತದೆ. ಎರಡು ಹಂತಗಳಲ್ಲಿ ನಡೆದ ಗುಣಪಡಿಸುವಿಕೆ ಶುಭಸಂದೇಶಗಳಲ್ಲಿ ಇದೊಂದೇ. ಆತನ ಪ್ರಾಮಾಣಿಕತೆಯನ್ನು ಗಮನಿಸಿ. ಗುರುವಿನ ಮನಸ್ಸಿಗೆ ನೋವಾಗದಿರಲೆಂದು ಎಲ್ಲ ಚೆನ್ನಾಗಿ ಕಾಣುತ್ತಿದೆ ಎಂದು ಆತ ಹೇಳಲಿಲ್ಲ. ಹೇಳಿದ್ದರೆ ಎರಡನೆಯ ಸ್ಪರ್ಶ ದೊರೆಯುತ್ತಿತ್ತೇ?

ಮೊದಲ ಸ್ಪರ್ಶಕ್ಕೂ ಎರಡನೆಯದಕ್ಕೂ ನಡುವೆ ನಲವತ್ತು ವರ್ಷ ಕಳೆದ ಒಬ್ಬ ವ್ಯಕ್ತಿಯ ಬದುಕನ್ನು ಇಲ್ಲಿ ನಿಮ್ಮ ಮುಂದಿಡಬೇಕೆನಿಸಿದೆ. ಆತನ ಹೆಸರು ಜಾನ್ ನ್ಯೂಟನ್. ಆತ ನಮ್ಮ ಕಥೋಲಿಕ ಸಭೆಯವನಲ್ಲ, ಇಂಗ್ಲೆಂಡಿನ ಆಂಗ್ಲಿಕನ್ ಸಭೆಯವನು. ಆದರೂ ಆತ ಬರೆದ 'ಅಮೇಜಿಂಗ್ ಗ್ರೇಸ್' ಎಂಬ ಗೀತೆಯನ್ನು ಕೇಳದ ಕ್ರೈಸ್ತರು ವಿರಳ. ಆ ಗೀತೆಯ ಹಿಂದಿನ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳಲಾಗುತ್ತದೆ: ಗುಲಾಮರನ್ನು ಸಾಗಿಸುತ್ತಿದ್ದ ಒಬ್ಬ ಕಪ್ತಾನ ಬಿರುಗಾಳಿಗೆ ಸಿಲುಕಿದ, ದೇವರಿಗೆ ಮೊರೆಯಿಟ್ಟ, ಗುಲಾಮರ ವ್ಯಾಪಾರವನ್ನು ತೊರೆದ, ಗುರುವಾದ. ಕೇಳಲು ಇಂಪಾದ ಕಥೆ. ಆದರೆ ನಡೆದದ್ದು ಹಾಗಲ್ಲ.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್ನಿನಲ್ಲಿ. ತಂದೆ ಹಡಗಿನ ನಾಯಕ. ಮಡಿಲಲ್ಲಿ ಕೂರಿಸಿಕೊಂಡು ಬೈಬಲ್ ಕಲಿಸಿದ ತಾಯಿ ಆತನಿಗೆ ಏಳು ತುಂಬುವ ಮುನ್ನವೇ ಕ್ಷಯರೋಗದಿಂದ ತೀರಿಹೋದರು. ಹುಡುಗ ಸಮುದ್ರದ ಪಾಲಾದ. ಬಲವಂತವಾಗಿ ನೌಕಾಪಡೆಗೆ ಸೇರಿಸಲ್ಪಟ್ಟು, ಓಡಿಹೋಗಲು ಯತ್ನಿಸಿ ಸಿಕ್ಕಿಬಿದ್ದು ಛಡಿಯೇಟು ತಿಂದ. ದೇವರನ್ನು ಹೀಯಾಳಿಸುವುದರಲ್ಲಿ ಸಹ ನಾವಿಕರೇ ಬೆಚ್ಚಿಬೀಳುವಷ್ಟು ನಿಸ್ಸೀಮನಾದ. ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಒಬ್ಬ ಗುಲಾಮ ವ್ಯಾಪಾರಿಯ ಆಳಾಗಿ, ಹಸಿವು ಜ್ವರಗಳಲ್ಲಿ ನರಳಿದ್ದೂ ಉಂಟು. ಅಲ್ಲಿಂದ ಪಾರಾಗಿ ಊರಿಗೆ ಮರಳುತ್ತಿದ್ದಾಗ, 1748ರ ಮಾರ್ಚ್ ತಿಂಗಳಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ 'ಗ್ರೇಹೌಂಡ್' ಹಡಗು ಬಿರುಗಾಳಿಗೆ ಸಿಲುಕಿತು. ಗಂಟೆಗಟ್ಟಲೆ ನೀರು ಮೊಗೆದು ಚೆಲ್ಲುತ್ತಿದ್ದ ಆ ದೈವದೂಷಕನ ಬಾಯಿಂದ ತಾನಾಗಿಯೇ ದೇವರ ಕರುಣೆಯನ್ನು ಬೇಡುವ ಮಾತು ಹೊರಟಿತು. ಒಡನೆಯೇ, ನನ್ನಂತಹವನಿಗೆ ಯಾವ ಕರುಣೆ ಎಂಬ ಯೋಚನೆಯೂ ಬಂತು. ಹಡಗು ಮುಳುಗಲಿಲ್ಲ. ಆ ದಿನವನ್ನು ನ್ಯೂಟನ್ ಬದುಕಿನುದ್ದಕ್ಕೂ ಪ್ರಾರ್ಥನೆಯಲ್ಲಿ ಸ್ಮರಿಸಿದ.

ಮುಂದಿನ ಭಾಗವೇ ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು. ಬಿರುಗಾಳಿಯಿಂದ ಪಾರಾದ ಈ ಮನುಷ್ಯ ಬೈಗುಳ ಬಿಟ್ಟ, ಬೈಬಲ್ ಹಿಡಿದ. ಅದೇ ವರ್ಷ ಗುಲಾಮರನ್ನು ಸಾಗಿಸುವ ಹಡಗೊಂದರಲ್ಲಿ ಅಧಿಕಾರಿಯಾಗಿ ಹೊರಟ. 1750ರಿಂದ 1754ರವರೆಗೆ ತಾನೇ ಕಪ್ತಾನನಾಗಿ ಮೂರು ಯಾನಗಳನ್ನು ನಡೆಸಿದ. ಭಾನುವಾರಗಳಂದು ನಾವಿಕರನ್ನು ಸೇರಿಸಿ ಪ್ರಾರ್ಥನೆ ನಡೆಸುತ್ತಿದ್ದ. ಕೆಳಅಂತಸ್ತಿನಲ್ಲಿ ಗಂಡಸರು, ಹೆಂಗಸರು, ಮಕ್ಕಳು ಮಾರಾಟದ ಸರಕಾಗಿದ್ದರು. ಗಂಡಸರ ಕೈಕಾಲುಗಳಿಗೆ ಸಂಕೋಲೆ ತೊಡಿಸಲಾಗಿತ್ತು. ಅವರು ದಂಗೆಯೇಳಲು ಸಂಚು ಮಾಡಿದ್ದಾರೆಂಬ ಗುಮಾನಿ ಬಂದಾಗ ಹುಡುಗರ ಹೆಬ್ಬೆರಳುಗಳನ್ನು ಕಬ್ಬಿಣದ ತಿರುಪಿನಲ್ಲಿ ಅದುಮಿಸಿ ಬಾಯಿಬಿಡಿಸಿದುದನ್ನು ಆತನೇ ಹಡಗಿನ ದಿನಚರಿಯಲ್ಲಿ ದಾಖಲಿಸಿದ್ದಾನೆ. ದೇವರೊಡನೆ ಅತ್ಯಂತ ಮಧುರವಾದ ಒಡನಾಟವನ್ನು ತಾನು ಅನುಭವಿಸಿದ್ದು ಆಫ್ರಿಕದ ಕೊನೆಯ ಎರಡು ಯಾನಗಳಲ್ಲಿ ಎಂದು ಮುಂದೆ ಬರೆದವನೂ ಆತನೇ.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ಆತ ಕಪಟಿಯಾಗಿದ್ದನೇ? ಹಾಗೆಂದುಬಿಟ್ಟರೆ ನಮಗೆ ಸಮಾಧಾನ. ಕಪಟಿಗೂ ನಮಗೂ ಸಂಬಂಧವಿಲ್ಲವೆಂದು ಪುಟ ಮಗುಚಬಹುದು. ಆದರೆ ಆತ ನಿಜವಾಗಿಯೂ ಪ್ರಾರ್ಥಿಸುತ್ತಿದ್ದ. ಮನುಷ್ಯರನ್ನು ಕಂಡಿದ್ದ, ಆದರೆ ಬೆತ್ಸಾಯಿದದ ಕುರುಡನಂತೆ, ಮರಗಳ ಹಾಗೆ. ಆ ವೃತ್ತಿಯಲ್ಲಿ ತಾನೊಬ್ಬ ಸೆರೆಮನೆಯ ಕಾವಲುಗಾರನಂತೆ ಇದ್ದೇನೆಂಬ ಬೇಸರ ಅವನನ್ನು ಕಾಡಿದ್ದುಂಟು, ಇದಕ್ಕಿಂತ ಮಾನವೀಯವಾದ ಕೆಲಸ ಕೊಡು ಎಂದು ದೇವರನ್ನು ಬೇಡಿದ್ದೂ ಉಂಟು. ಆದರೆ ಇದು ಪಾಪ ಎಂದು ಅನಿಸಿರಲಿಲ್ಲ. ದೈವಸಂಕಲ್ಪದಿಂದ ತನಗೆ ಒದಗಿದ ಕೆಲಸವೆಂದೇ ಭಾವಿಸಿದ್ದ. 1754ರಲ್ಲಿ ಸಮುದ್ರಯಾನವನ್ನು ಬಿಟ್ಟದ್ದೂ ಮನಸ್ಸಾಕ್ಷಿಯ ಚುಚ್ಚುವಿಕೆಯಿಂದಲ್ಲ, ಹಠಾತ್ತನೆ ಬಂದ ಕಾಯಿಲೆಯಿಂದ. ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಅಧಿಕಾರಿಯಾದ. 1764ರಲ್ಲಿ ಗುರುದೀಕ್ಷೆ ಪಡೆದು ಓಲ್ನಿ ಎಂಬ ಸಣ್ಣ ಊರಿಗೆ ಪಾಲಕನಾಗಿ ಹೋದ. ಅದೇ ವರ್ಷ ಪ್ರಕಟವಾದ ಆತ್ಮಕಥನದಲ್ಲಿ ತನ್ನ ಪಾಪಗಳನ್ನು ಧಾರಾಳವಾಗಿ ಒಪ್ಪಿಕೊಂಡ. ದೈವನಿಂದೆ, ಲಂಪಟತನ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಮನುಷ್ಯರನ್ನು ಕೊಂಡು ಮಾರಿದ್ದು ಮಾತ್ರ ಪಾಪಗಳ ಪಟ್ಟಿಗೆ ಸೇರಿರಲಿಲ್ಲ.

ಆ ಪ್ರಸಿದ್ಧ ಗೀತೆಯನ್ನು 1773ರ ಹೊಸವರ್ಷದ ದಿನದ ಪ್ರಾರ್ಥನೆಗಾಗಿ ರಚಿಸಿದ. ಕುರುಡನಿಗೆ ದೃಷ್ಟಿ ಬಂದುದನ್ನು ಕುರಿತು ಹಾಡು ಕಟ್ಟಿದಾಗಲೂ ತಾನು ಕೊಂಡೊಯ್ದು ಮಾರಿದವರ ಪರವಾಗಿ ಆತ ಬಹಿರಂಗವಾಗಿ ಒಂದು ಮಾತನ್ನೂ ಆಡಿರಲಿಲ್ಲ.

ಆಡಿದ್ದು 1788ರಲ್ಲಿ. ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತು ಒಂದು ಕಿರುಹೊತ್ತಗೆ ಹೊರಬಂತು. ಇದುವರೆಗೆ ಏಕವಚನದಲ್ಲಿ ಕರೆಯುತ್ತ ಬಂದವನನ್ನು ಇನ್ನು ಮುಂದೆ ಹಾಗೆ ಕರೆಯಲು ನನ್ನ ಲೇಖನಿ ಒಪ್ಪುತ್ತಿಲ್ಲ. ಅರವತ್ತೆರಡು ದಾಟಿದ, ಲಂಡನ್ನಿನಲ್ಲಿ ಹೆಸರುವಾಸಿಯಾಗಿದ್ದ ಆ ಗುರುಗಳು, ತಮ್ಮ ತಪ್ಪೊಪ್ಪಿಗೆ ಬಹಳ ತಡವಾಗಿ ಬಂದಿದೆಯೆಂದು ಅದರಲ್ಲಿ ಒಪ್ಪಿಕೊಂಡರು. ಈಗ ನೆನೆದರೆ ನಡುಗುವಂತಹ ವ್ಯವಹಾರದಲ್ಲಿ ತಾವೇ ಕೈಯಾರೆ ಭಾಗಿಯಾಗಿದ್ದುದನ್ನು, ಕೆಳಅಂತಸ್ತಿನಲ್ಲಿ ಜನರನ್ನು ಒತ್ತೊತ್ತಾಗಿ ಮಲಗಿಸುತ್ತಿದ್ದ ರೀತಿಯನ್ನು, ಹೆಂಗಸರಿಗಾದ ಅಪಮಾನವನ್ನು ಕಂಡವರಾಗಿ ಬರೆದರು. ಆ ಹೊತ್ತಗೆಯನ್ನು ಪಾರ್ಲಿಮೆಂಟಿನ ಸದಸ್ಯರಿಗೆ ಕಳುಹಿಸಲಾಯಿತು. ಅನಂತರ ವಿಚಾರಣಾ ಸಮಿತಿಗಳ ಮುಂದೆಯೂ ನಿಂತು ಸಾಕ್ಷಿ ಹೇಳಿದರು. ಗುಲಾಮರ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ 1785ರಲ್ಲಿ ರಾಜಕೀಯ ಬಿಡಬೇಕೇ ಎಂಬ ತೊಳಲಾಟದಲ್ಲಿ ಗುಟ್ಟಾಗಿ ಬಂದು ಸಲಹೆ ಕೇಳಿದ್ದು ಇವರನ್ನೇ. ಬಿಡಬೇಡ, ಅಲ್ಲೇ ಇದ್ದು ದೇವರ ಸೇವೆ ಮಾಡು ಎಂದು ಇವರು ಹುರಿದುಂಬಿಸಿದ್ದರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ಕಾಯಿದೆಗೆ 1807ರ ಮಾರ್ಚ್ 25ರಂದು ರಾಜಮುದ್ರೆ ಬಿತ್ತು. ಅದೇ ವರ್ಷದ ಡಿಸೆಂಬರ್ 21ರಂದು ನ್ಯೂಟನ್ ಕಣ್ಮುಚ್ಚಿದರು.

1748ರಿಂದ 1788. ಲೆಕ್ಕ ಹಾಕಿ, ನಲವತ್ತು ವರ್ಷ. ಇಸ್ರಯೇಲರು ಮರುಭೂಮಿಯಲ್ಲಿ ಅಲೆದಷ್ಟೇ ಕಾಲ.

ಬಿರುಗಾಳಿಯ ಆ ದಿನದಂದು ತಾವು ಪೂರ್ಣಾರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲ, ಬಹುಕಾಲದ ನಂತರವಷ್ಟೇ ಆದೆ ಎಂಬುದು ಅವರದೇ ಅಭಿಪ್ರಾಯ. ನಾನು ಅಷ್ಟು ಕಠೋರವಾಗಿ ಹೇಳಲಾರೆ. ಬಿರುಗಾಳಿಯಲ್ಲಿ ದೊರೆತ ಕೃಪೆ ನಿಜವಾದ ಕೃಪೆಯೇ. ದೀಕ್ಷಾಸ್ನಾನವು ಪಾಪವನ್ನು ತೊಳೆದರೂ ಪಾಪದತ್ತ ವಾಲುವ ಸ್ವಭಾವವು ಉಳಿದೇ ಇರುತ್ತದೆ, ಅದರೊಡನೆ ಹೋರಾಟ ಬದುಕಿನುದ್ದಕ್ಕೂ ನಡೆಯಬೇಕು ಎಂದು ನಮ್ಮ ಸಭೆಯೂ ಬೋಧಿಸುತ್ತದೆ. ಬೀಜ ಬಿತ್ತಿದ ದಿನವೇ ತೆನೆ ಕೇಳುವುದು ರೈತನ ಮಕ್ಕಳಾದ ನಮಗೆ ಶೋಭಿಸದು.

ಆದರೆ ಈ ಸಮಾಧಾನದಲ್ಲಿ ಒಂದು ಅಪಾಯವಿದೆ. ನ್ಯೂಟನ್ ನಿಧಾನವಾಗಿ ಬದಲಾಗುತ್ತಿದ್ದಾಗ ಅದರ ಬೆಲೆ ತೆತ್ತವರು ಯಾರು? ನ್ಯೂಟನ್ ಅಲ್ಲ. ಮೇಲಿನ ಅಂತಸ್ತಿನಲ್ಲಿ ಆತ್ಮವೊಂದು ಮೆಲ್ಲಮೆಲ್ಲನೆ ಪಕ್ವವಾಗುತ್ತಿದ್ದಾಗ ಕೆಳಗಿದ್ದ ತಾಯಂದಿರು ಮಕ್ಕಳಿಂದ ಅಗಲಿಸಲ್ಪಟ್ಟು ಮಾರಾಟವಾದರು. ಅವರಿಗೆ ನಲವತ್ತು ವರ್ಷ ಕಾಯುವ ವ್ಯವಧಾನವಿರಲಿಲ್ಲ. ದೇವರು ತಾಳ್ಮೆಯುಳ್ಳವರು ಎಂದು ಪಾಪಿಯ ಪರವಾಗಿ ಹೇಳುವಾಗ, ಆ ತಾಳ್ಮೆಯ ಕಾಲದಲ್ಲಿ ಪಾಪಿಯ ಕೈಕೆಳಗೆ ಇರುವವರು ಯಾರೆಂಬುದನ್ನೂ ನೋಡಬೇಕಾದೀತು. ಮನಪರಿವರ್ತನೆಯ ಕುರಿತ ನಮ್ಮ ಸಾಕ್ಷ್ಯಗಳಲ್ಲಿ ಈ ಭಾಗ ಬಿಟ್ಟುಹೋಗುತ್ತದೆ. ವೇದಿಕೆಯ ಮೇಲೆ ಗಂಡ ಸಾಕ್ಷ್ಯ ಹೇಳುತ್ತಾನೆ, ಚಪ್ಪಾಳೆಯೂ ಬೀಳುತ್ತದೆ. ಏಟು ತಿಂದ ಹೆಂಡತಿ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾಳೆ, ಆಕೆಯನ್ನು ಯಾರೂ ಮಾತನಾಡಿಸುವುದಿಲ್ಲ.

ಹಾಗಾದರೆ ನ್ಯೂಟನ್ನರ ಕಣ್ಣು ತೆರೆದದ್ದು ಹೇಗೆ? ಅವರೊಬ್ಬರೇ ಕೋಣೆಯಲ್ಲಿ ಕುಳಿತು ಧ್ಯಾನಿಸಿದ್ದರಿಂದ ಮಾತ್ರವಲ್ಲ. ಕ್ವೇಕರ್ ಪಂಥದ ಕ್ರೈಸ್ತರು ಬಹಳ ಹಿಂದಿನಿಂದಲೇ ಗುಲಾಮಗಿರಿ ಪಾಪವೆಂದು ಸಾರುತ್ತಿದ್ದರು. ಜಾನ್ ವೆಸ್ಲಿ 1774ರಲ್ಲೇ ಅದನ್ನು ಖಂಡಿಸಿ ಬರೆದಿದ್ದರು. ಸ್ವತಃ ಗುಲಾಮರಾಗಿದ್ದು ಬಿಡುಗಡೆ ಪಡೆದ ಕ್ರೈಸ್ತರಾದ ಓಲೌಡಾ ಎಕ್ವಿಯಾನೊ 1789ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿ, ಕೆಳಅಂತಸ್ತಿನ ದನಿಯನ್ನು ಇಂಗ್ಲೆಂಡಿನ ಓದುಗರಿಗೆ ತಲುಪಿಸಿದರು. ವಿಶ್ವಾಸವು ನ್ಯೂಟನ್ನರಿಗೆ ಎಲ್ಲವನ್ನೂ ಒಮ್ಮೆಲೇ ತೋರಿಸಿಕೊಡಲಿಲ್ಲ. ಇತರರು ತೋರಿಸಿದಾಗ ಮುಖ ತಿರುಗಿಸದೆ ನೋಡುವ, ತಮ್ಮ ಹೆಸರಿಗೆ ಮಸಿ ಬಳಿಯುವ ಸತ್ಯವನ್ನು ತಾವೇ ಅಚ್ಚು ಹಾಕಿಸುವ ಮನಸ್ಸನ್ನು ನಲವತ್ತು ವರ್ಷಗಳಲ್ಲಿ ಅವರೊಳಗೆ ಸಿದ್ಧಪಡಿಸಿತು. ವಿಶ್ವಾಸದ ಕೆಲಸ ಬಹುಮಟ್ಟಿಗೆ ಇದೇ ಎಂದು ನನಗೆ ತೋರುತ್ತದೆ. ಮನುಷ್ಯ ತಪ್ಪೇ ಮಾಡದವನಾಗುವುದಕ್ಕಿಂತ ಮೊದಲು, ತಪ್ಪನ್ನು ಎತ್ತಿ ತೋರಿಸಿದರೆ ತಡೆದುಕೊಳ್ಳಬಲ್ಲವನಾಗುತ್ತಾನೆ.

ಪೇತ್ರರಲ್ಲೂ ಇದನ್ನೇ ಕಾಣುತ್ತೇವೆ. ಅಂಗಳದಲ್ಲಿ ಮೂರು ಬಾರಿ ನಿರಾಕರಿಸಿ, ಅತ್ತು, ಸರೋವರದ ದಡದಲ್ಲಿ ಮೂರು ಬಾರಿ ಪ್ರೀತಿಯ ಪ್ರಶ್ನೆಗೆ ಉತ್ತರಿಸಿ, ಪವಿತ್ರಾತ್ಮರನ್ನು ಪಡೆದು ಸಭೆಯ ಸ್ತಂಭವಾದವರು ಅವರು. ಅಷ್ಟಾದ ಮೇಲೂ ಅಂತಿಯೋಕ್ಯದಲ್ಲಿ, ಜೆರುಸಲೇಮಿನಿಂದ ಕೆಲವರು ಬಂದೊಡನೆ, ಜನರ ಮಾತಿಗೆ ಅಂಜಿ ಯೆಹೂದ್ಯರಲ್ಲದ ಸಹೋದರರ ಪಂಕ್ತಿಯಿಂದ ಎದ್ದು ಸರಿದರು. ಸೇವಕಿಯೊಬ್ಬಳ ಮಾತಿಗೆ ಬೆದರಿದ ಹಳೆಯ ಪೇತ್ರ ಇನ್ನೂ ಒಳಗೇ ಇದ್ದ! ಪೌಲರು ಎಲ್ಲರ ಮುಂದೆ ಖಂಡಿಸಿದರು. ಪೇತ್ರರು ಏನೆಂದು ಉತ್ತರಿಸಿದರೋ ಪತ್ರದಲ್ಲಿಲ್ಲ. ಆದರೆ ಅವರು ಪೌಲರನ್ನು ಸಭೆಯಿಂದ ಹೊರಗೆ ಹಾಕಲಿಲ್ಲ. ಪೇತ್ರರ ಹೆಸರಿನ ಎರಡನೆಯ ಪತ್ರದಲ್ಲಿ ಪೌಲರನ್ನು ಪ್ರಿಯ ಸಹೋದರನೆಂದೇ ಸ್ಮರಿಸಲಾಗಿದೆ.

ಬದಲಾವಣೆ ಕಣ್ಣಿಗೆ ಕಾಣಿಸದೆಯೇ ಬದುಕು ಮುಗಿದರೆ? ಚೀನಾದ ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಅವರ ಬದುಕು ಈ ಪ್ರಶ್ನೆಯನ್ನು ಎದುರಿಗಿಡುತ್ತದೆ. ಅವರು ಬಡವರಿಗೆ ಉಚಿತವಾಗಿ ಔಷಧ ಕೊಡುತ್ತಿದ್ದ ವೈದ್ಯರು. ಹೊಟ್ಟೆಯ ಬೇನೆಗೆಂದು ತೆಗೆದುಕೊಂಡ ಅಫೀಮಿಗೆ ದಾಸರಾದರು. ಮತ್ತೆ ಮತ್ತೆ ಅದೇ ಪಾಪವನ್ನು ನಿವೇದಿಸುತ್ತಿದ್ದುದರಿಂದ, ಬಿಡುವ ಮನಸ್ಸೇ ಇವರಿಗಿಲ್ಲವೆಂದು ತಿಳಿದು ಗುರುಗಳು ಪಾಪಕ್ಷಮೆ ನೀಡಲು ನಿರಾಕರಿಸಿದರು. ವ್ಯಸನವೂ ಒಂದು ರೋಗವೆಂಬ ತಿಳಿವಳಿಕೆ ಅಂದು ಇರಲಿಲ್ಲ. ಸುಮಾರು ಮೂವತ್ತು ವರ್ಷ ಪರಮಪ್ರಸಾದವಿಲ್ಲದೆ, ಆದರೂ ದೇವಾಲಯ ಬಿಡದೆ ಬದುಕಿದರು. ಅಫೀಮನ್ನು ಗೆಲ್ಲಲು ಅವರಿಂದ ಕೊನೆಗೂ ಆಗಲಿಲ್ಲ. 1900ರ ಬಾಕ್ಸರ್ ದಂಗೆಯಲ್ಲಿ ಕುಟುಂಬದವರೊಡನೆ ಬಂಧಿತರಾದಾಗ ವಿಶ್ವಾಸವನ್ನು ತ್ಯಜಿಸಲೊಪ್ಪದೆ ರಕ್ತಸಾಕ್ಷಿಯಾದರು. ಮನೆಯವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು ತಮ್ಮನ್ನು ಕೊನೆಯಲ್ಲಿ ಕೊಲ್ಲಿರೆಂದು ಬೇಡಿಕೊಂಡರೆಂದು ಹೇಳಲಾಗುತ್ತದೆ. 2000ದ ಅಕ್ಟೋಬರ್ 1ರಂದು ಎರಡನೆಯ ಜಾನ್ ಪೌಲ್ ಜಗದ್ಗುರುಗಳು ಚೀನಾದ 120 ರಕ್ತಸಾಕ್ಷಿಗಳಲ್ಲಿ ಒಬ್ಬರಾಗಿ ಇವರನ್ನೂ ಸಂತರೆಂದು ಘೋಷಿಸಿದರು. ಮೂವತ್ತು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತ ಆ ಮನುಷ್ಯನನ್ನು ಕಂಡು ಊರವರು ಏನೆಂದುಕೊಂಡಿದ್ದಿರಬಹುದು? ನಾನಾದರೂ ಬಹುಶಃ ತುಟಿ ಕೊಂಕಿಸುತ್ತಿದ್ದೆ.

ಕುಡುಕನನ್ನು ಗುರುತಿಸುವುದು ಸುಲಭ, ಆತನ ಪಾಪಕ್ಕೆ ವಾಸನೆಯಿದೆ. ನ್ಯೂಟನ್ನರ ಬಹುದೊಡ್ಡ ಪಾಪಕ್ಕೆ ವಾಸನೆಯಿರಲಿಲ್ಲ. ಅದು ಕಾನೂನುಬದ್ಧವಾಗಿತ್ತು, ಮರ್ಯಾದಸ್ಥರು ಹಣ ಹೂಡಿದ್ದರು. ನಮ್ಮ ಹಡಗುಗಳ ಕೆಳಅಂತಸ್ತಿನಲ್ಲಿ ಯಾರಿದ್ದಾರೆ? ವರದಕ್ಷಿಣೆಯನ್ನು ನಮ್ಮ ದೇಶದ ಕಾನೂನು 1961ರಲ್ಲೇ ನಿಷೇಧಿಸಿತು. ಆದರೂ 'ಹುಡುಗಿಗೆ ನಿಮ್ಮಿಷ್ಟದಂತೆ ಹಾಕಿ' ಎಂಬ ನಯವಾದ ಮಾತಿನೊಳಗೆ ಅದು ಜಪಸರದ ಮನೆಗಳಲ್ಲೂ ಬದುಕಿದೆ. ಒಂದೇ ಪರಮಪ್ರಸಾದವನ್ನು ಸ್ವೀಕರಿಸಿ ಮನೆಗೆ ಬಂದವರು, ಮಗನಿಗೆ ಹೆಣ್ಣು ನೋಡುವಾಗ ಮೊದಲು ಕೇಳುವುದು ಜಾತಿಯನ್ನು. ಮನೆಗೆಲಸದವಳಿಗೆ ಬೇರೆ ಲೋಟ ಇಟ್ಟಿರುವ ಮನೆಗಳೂ ಉಂಟು. ಇವು ನಮ್ಮ ಪಾಪನಿವೇದನೆಯ ಪಟ್ಟಿಗೆ ಬರುತ್ತವೆಯೇ? ನನ್ನ ಪಟ್ಟಿಗೆ ಬಹುಕಾಲ ಬಂದಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನನ್ನ ತಂಗಿಯ ಮದುವೆಯ ಮಾತುಕತೆಯಲ್ಲಿ ಅನ್ಯಾಯವೆಂದು ಕೂಗಾಡಿದ ನಾನು, ಎರಡು ವರ್ಷಗಳ ನಂತರ ನನ್ನ ಮದುವೆಯ ಮಾತುಕತೆಯಲ್ಲಿ ತಂದೆಯ ಪಕ್ಕ ಸುಮ್ಮನೆ ಕುಳಿತಿದ್ದೆ. ಅದನ್ನು ನೆನಪಿಸಿದ್ದು ನನ್ನ ಮಗಳು, ತೀರಾ ಇತ್ತೀಚೆಗೆ. ಮೊದಲು ಸಿಟ್ಟು ಬಂತು.

ಆ ತಾಯಿಗೆ ನಾನು ಅಂದೇ ಹೇಳಬೇಕಾಗಿದ್ದುದು ಇಷ್ಟು. ನಿಮ್ಮ ಯಜಮಾನರ ಕಣ್ಣೀರು ನಿಜವೇ ಇರಬಹುದು, ಅದನ್ನು ಅಲ್ಲಗಳೆಯಬೇಡಿ. ಆದರೆ ಸಂಬಳದ ಹಣ ನಿಮ್ಮ ಕೈಯಲ್ಲೇ ಇರಲಿ. ಅವರು ಕೈಯೆತ್ತಿದರೆ ಮಕ್ಕಳನ್ನು ಕರೆದುಕೊಂಡು ತವರಿಗೋ ನೆರೆಮನೆಗೋ ಹೋಗುವುದು ಅವಿಶ್ವಾಸವಲ್ಲ. ದೇವರನ್ನು ನಂಬುವುದು ಬೇರೆ, ಗಂಡನ ನಾಲ್ಕನೆಯ ಆಣೆಯನ್ನು ನಂಬುವುದು ಬೇರೆ. ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದವರು, ಇಪ್ಪತ್ತು ವರ್ಷಗಳಿಂದ ಒಂದು ತೊಟ್ಟೂ ಮುಟ್ಟದಿದ್ದರೂ ತಮ್ಮನ್ನು ಕುಡಿತದ ರೋಗಿಯೆಂದೇ ಪರಿಚಯಿಸಿಕೊಳ್ಳುತ್ತಾರೆ. ಇಂದೊಂದು ದಿನ ಕುಡಿಯುವುದಿಲ್ಲ ಎಂಬುದಷ್ಟೇ ಅವರ ಪ್ರತಿಜ್ಞೆ. ಆಣೆಗಿಂತ ಅದು ದೊಡ್ಡದೆಂದು ನನಗನ್ನಿಸುತ್ತದೆ. ಕೆಲವು ವಾರಗಳ ಬಳಿಕ ಆಕೆಯ ಮನೆಗೆ ಹೋಗಿ ಇದನ್ನೆಲ್ಲ ಹೇಳಿ ಬಂದೆ. ಯಜಮಾನರೂ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು. ಅವರಿಗದು ಹಿಡಿಸಲಿಲ್ಲ.

ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಿದ್ದರು. "ಏಳು ತಿಂಗಳಾಯ್ತು ಮೇಷ್ಟ್ರೇ. ಮಧ್ಯೆ ಒಂದ್ಸಲ ಕುಡಿದು ಬಂದ್ರು. ನಾನು ಬಾಗಿಲು ತೆಗೀಲಿಲ್ಲ. ರಾತ್ರಿಯೆಲ್ಲಾ ಜಗಲಿ ಮೇಲೇ ಮಲಗಿದ್ರು. ಬೆಳಿಗ್ಗೆ ಬೈತಾರೆ ಅಂದ್ಕೊಂಡಿದ್ದೆ. 'ನೀನು ತೆಗೀದೇ ಇದ್ದದ್ದೇ ಸರಿ' ಅಂದ್ರು. ಮದುವೆಯಾಗಿ ಹದಿನಾರು ವರ್ಷದಲ್ಲಿ, ನೀನು ಮಾಡಿದ್ದು ಸರಿ ಅಂತ ಅವರು ನನಗೆ ಹೇಳಿದ್ದು ಅದೇ ಮೊದಲು" ಎಂದರು. ಅಷ್ಟರಲ್ಲಿ ಬಸ್ಸು ಬಂತು. ಕೈಚೀಲವನ್ನು ಎದೆಗವಚಿಕೊಂಡು ಆಕೆ ಹತ್ತಿಕೊಂಡರು.